ಹೆತ್ತವಳು ಸಲ್ಲಿಸದ ಅರ್ಜಿ

ಹೈದರಾಬಾದಿನ ಮೆಹದಿಪಟ್ಟಣಂ ಬಿಟ್ಟ ಹಳೆಯ ಬಿಜಾಪುರ ರಸ್ತೆ ಲಂಗರ್ ಹೌಸ್, ಚೇವೆಳ್ಳ, ಪರಿಗಿ, ಕೊಡಂಗಲ್ ಹಾದು ಕರ್ನಾಟಕದ ಕಡೆ ಬರುತ್ತದೆ. ಯಾದಗಿರಿ, ಸೇಡಂ, ಗುರುಮಠಕಲ್ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಇವತ್ತಿಗೂ ಹೈದರಾಬಾದೇ. ಮದುವೆಯಾಗಿ ಎಂಟು ಹತ್ತು ವರ್ಷವಾದರೂ ಮಡಿಲು ತುಂಬದ ದಂಪತಿಗಳು ಊರಿನ ಡಾಕ್ಟರು, ಹರಕೆ, ನಾಟಿ ಔಷಧಿ ಎಲ್ಲ ಮುಗಿಸಿ, ಕೊನೆಗೆ ಹೊಲ ಅಡವಿಟ್ಟ ದುಡ್ಡು ಹಿಡಿದು ಬರುವುದೂ ಇಲ್ಲಿಗೇ. ಮೆಹದಿಪಟ್ಟಣಂನಿಂದ ಶಂಶಾಬಾದ್ ವಿಮಾನ ನಿಲ್ದಾಣದ ದಿಕ್ಕಿಗೆ 2009ರಲ್ಲಿ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಎದ್ದು ನಿಂತ ಮೇಲೆ ಸುತ್ತಲಿನವರಿಗೆ ಅದರ ಕಂಬಗಳ ನಂಬರೇ ವಿಳಾಸವಾಯಿತು. ಇಂಥ ಪಿಲ್ಲರ್ ಹತ್ತಿರ ಇಳಿಯಿರಿ ಎಂದರೆ ಆಸ್ಪತ್ರೆ ಸಿಕ್ಕಿತೆಂದೇ ಅರ್ಥ.

ಮೆಹದಿಪಟ್ಟಣಂ ಬಡಾವಣೆಗೆ ಹೆಸರು ಬಂದದ್ದು ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದ ಮೆಹದಿ ನವಾಜ್ ಜಂಗ್ ಅವರಿಂದ ಎನ್ನುತ್ತಾರೆ. ನಗರದ ದೊಡ್ಡ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೂ ಅವರದೇ ಹೆಸರು. ಗರ್ಭಕೋಶ ಕಳೆದುಕೊಂಡು ಜೀವ ಉಳಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಂದ ಮನೆಗೆ ಮರಳಿದ್ದಾರೆ. 1960ರಲ್ಲಿ ಗುಜರಾತ್ ಪ್ರತ್ಯೇಕ ರಾಜ್ಯವಾದಾಗ ಅದರ ಮೊದಲ ರಾಜ್ಯಪಾಲರಾಗಿ ಹೋದವರೂ ಇದೇ ಮೆಹದಿ ನವಾಜ್ ಜಂಗ್. ಬಾಡಿಗೆ ತಾಯ್ತನದ ಕಥೆ ಹೈದರಾಬಾದಿಗೆ ಬರುವ ಮೊದಲು ಅದೇ ಗುಜರಾತಿನ ಆಣಂದ್ ಎಂಬ ಹಾಲಿನ ಊರಲ್ಲಿ ಬೆಳೆಯಿತು.

ಕಥೆಯ ಬೇರು ಇನ್ನೂ ಹಿಂದಿನದು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಂನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ದೇಹದ ಹೊರಗೆ ಕೂಡಿದ ಅಂಡಾಣು ವೀರ್ಯಾಣುಗಳಿಂದ ಹುಟ್ಟಿದ ಮೊದಲ ಮಗು ಅವಳು. ಎರಡೇ ತಿಂಗಳು ಕಳೆದು, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಇದೇ ಬಗೆಯಲ್ಲಿ ದುರ್ಗಾ ಎಂಬ ಮಗು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಅವಮಾನ, ವರ್ಗಾವಣೆಗಳಿಂದ ನೊಂದ ಮುಖರ್ಜಿ 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದ ವಿಜ್ಞಾನಿ ಟಿ.ಸಿ. ಆನಂದಕುಮಾರ್ ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಭಾರತದಲ್ಲಿ ಮೊದಲಿಗರು ತಾವಲ್ಲ, ಅವರೇ ಎಂದು 1997ರಲ್ಲಿ ಬಹಿರಂಗವಾಗಿ ಹೇಳಿದರು. ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ತೆಗೆದು ಸತ್ತವನಿಗೆ ತೊಡಿಸಿದ ವಿಜ್ಞಾನಿಗಳು ವಿರಳ. ಆ ಆನಂದಕುಮಾರ್ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಸಂತಾನಹೀನತೆಯ ಚಿಕಿತ್ಸಾಲಯ ನಡೆಸಿದರು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಭ್ರೂಣ ದೇಹದ ಹೊರಗೆ ತಯಾರಾಗುತ್ತದೆ ಎಂದಾದ ಮೇಲೆ, ಅದು ಯಾವ ಗರ್ಭಕೋಶದಲ್ಲಿ ಬೆಳೆಯಬೇಕು ಎಂಬ ಪ್ರಶ್ನೆ ಬರಲೇಬೇಕಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1986ರಲ್ಲಿ ಹುಟ್ಟಿದ 'ಬೇಬಿ ಎಂ' ಪ್ರಕರಣ ಬೇರೆ ಬಗೆಯದು. ಅಲ್ಲಿ ಹೆತ್ತವಳ ಅಂಡಾಣುವೇ ಮಗುವಿನದೂ ಆಗಿತ್ತು, ಮಗುವನ್ನು ಕೊಡಲಾರೆನೆಂದು ಅವಳು ಹಟ ಹಿಡಿದಳು. ದುಡ್ಡಿನ ಒಪ್ಪಂದ ಊರ್ಜಿತವಲ್ಲ ಎಂದು 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ವೈದ್ಯರು ಹೆಚ್ಚಾಗಿ ಇನ್ನೊಂದು ದಾರಿ ಹಿಡಿದರು. ಅಂಡಾಣು ಹೆಂಡತಿಯದೋ ದಾನಿಯದೋ ಇರಲಿ, ಹೊರುವವಳದು ಮಾತ್ರ ಬೇಡ. ರಕ್ತಸಂಬಂಧವೇ ಇಲ್ಲದಿದ್ದರೆ ಅವಳು ಮಗು ನನ್ನದೆನ್ನಲಾರಳು ಎಂಬುದು ಲೆಕ್ಕ.

2004ರ ಆರಂಭದಲ್ಲಿ ಆಣಂದ್‌ನ ಡಾ. ನಯನಾ ಪಟೇಲ್ ಅವರ ಆಸ್ಪತ್ರೆಯಲ್ಲಿ ಒಬ್ಬ ತಾಯಿ, ಇಂಗ್ಲೆಂಡಿನಲ್ಲಿದ್ದ ಮಗಳಿಗಾಗಿ ಅವಳ ಅವಳಿ ಮಕ್ಕಳನ್ನು ತಾನೇ ಹೆತ್ತಳು. ಅಜ್ಜಿಯೇ ಮೊಮ್ಮಕ್ಕಳನ್ನು ಹೆತ್ತ ಸುದ್ದಿ ಜಗತ್ತಿನಾದ್ಯಂತ ಹರಡಿತು. ದುಡ್ಡಿನ ಮಾತೇ ಇಲ್ಲದ ಹೆರಿಗೆ ಅದು, ಆದರೆ ಅದರ ಬೆನ್ನಿಗೇ ಬಂದದ್ದು ದುಡ್ಡಿನ ಹೊಳೆ. ಅಮೆರಿಕದಲ್ಲಿ ತಗಲುವ ಖರ್ಚಿನ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಲ್ಲಿ ಮಗು ಸಿಗುತ್ತದೆಂದು ಗೊತ್ತಾದದ್ದೇ ಜಪಾನ್, ಜರ್ಮನಿ, ಇಸ್ರೇಲ್, ಆಸ್ಟ್ರೇಲಿಯಾಗಳಿಂದ ದಂಪತಿಗಳು ಬಂದರು. ಆಣಂದ್, ಮುಂಬೈ, ದೆಹಲಿ, ಹೈದರಾಬಾದ್, ಬೆಂಗಳೂರುಗಳಲ್ಲಿ ಆಸ್ಪತ್ರೆ, ಏಜೆಂಟ್, ಹಾಸ್ಟೆಲ್, ವಕೀಲ, ವೀಸಾ ಎಲ್ಲ ಸೇರಿದ ಒಂದು ಉದ್ಯಮವೇ ಎದ್ದಿತು. ತಡೆಯುವ ಕಾನೂನು ಇರಲಿಲ್ಲ, ಕಾಯುವ ಕಾನೂನೂ ಇರಲಿಲ್ಲ. ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2005ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಾತ್ರ. ಅದನ್ನು ಸಂಪಾದಿಸಿದವರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯನ್ನು ಕಟ್ಟಿದ ಪುಷ್ಪ ಭಾರ್ಗವ ಒಬ್ಬರು. ಒಬ್ಬ ಹೆಂಗಸು ಜೀವಮಾನದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬಾಡಿಗೆ ತಾಯಿಯಾಗಬಾರದು, ಹೊರುವವಳು ನೆಂಟಳಾದರೆ ಮಗು ಬಯಸುವವಳ ತಲೆಮಾರಿನವಳೇ ಆಗಿರಬೇಕು ಎಂದು ಅದು ಹೇಳಿತು. ಎಂದರೆ, ವರ್ಷದ ಹಿಂದೆ ಆಣಂದ್‌ನ ಅಜ್ಜಿ ಮಾಡಿದ್ದು ಈ ಸೂಚಿಯ ಪ್ರಕಾರ ಆಗುವಂತೆಯೇ ಇರಲಿಲ್ಲ. ಆದರೆ ಮಾರ್ಗಸೂಚಿ ಮೀರಿದವರಿಗೆ ಶಿಕ್ಷೆ ಇರಲಿಲ್ಲ.

ಹೊರುವವಳ ಮೈಮೇಲೆ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮಗು ಬಯಸಿದ ಹೆಣ್ಣಿನ ಅಥವಾ ದಾನಿಯ ಅಂಡಾಣುಗಳನ್ನು ಹಾರ್ಮೋನ್ ಚುಚ್ಚುಮದ್ದಿನಿಂದ ಬಲಿಸಿ, ಸೂಜಿಯಲ್ಲಿ ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣವಾಗಿಸುತ್ತಾರೆ. ಅತ್ತ ಹೊರುವವಳಿಗೆ ಈಸ್ಟ್ರೋಜನ್ ಕೊಟ್ಟು ಗರ್ಭಕೋಶದ ಒಳಪದರ ದಪ್ಪಗಾಗುವಂತೆ ಮಾಡುತ್ತಾರೆ. ಆಮೇಲೆ ಪ್ರೊಜೆಸ್ಟರಾನ್. ಅದನ್ನು ಎಣ್ಣೆಯಲ್ಲಿ ಕಲಸಿದ ಮದ್ದಾಗಿ ಕೊಡುವುದುಂಟು. ಮಂದ ದ್ರವ, ದಪ್ಪ ಸೂಜಿ, ಸೊಂಟದ ಕೆಳಗಿನ ಮಾಂಸಖಂಡಕ್ಕೆ ವಾರಗಟ್ಟಲೆ ದಿನವೂ ಚುಚ್ಚಬೇಕು. ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ, ಮಗ್ಗುಲಾಗಿ ಮಲಗುವುದೂ ಕಷ್ಟ. ಭ್ರೂಣ ಒಳಗಿಟ್ಟು ಎರಡು ವಾರಕ್ಕೆ ರಕ್ತಪರೀಕ್ಷೆ. ಹಿಡಿದರೆ ಒಂಬತ್ತು ತಿಂಗಳು, ಬಿಟ್ಟರೆ ಮತ್ತೆ ಮೊದಲಿನಿಂದ. ಒಂದಾದರೂ ಉಳಿಯಲಿ ಎಂದು ಎರಡು ಮೂರು ಭ್ರೂಣ ಇಡುತ್ತಿದ್ದ ಕಾಲದಲ್ಲಿ ಅವಳಿ ತ್ರಿವಳಿಗಳು ಹೆಚ್ಚಾಗಿ ಹುಟ್ಟುತ್ತಿದ್ದವು. ಹೆರಿಗೆ ಬಹುಪಾಲು ಸಿಸೇರಿಯನ್. ಮಗುವನ್ನು ಅವರು ಒಯ್ಯುತ್ತಾರೆ, ಎದೆಹಾಲು ಇವಳಲ್ಲೇ ಉಳಿಯುತ್ತದೆ, ಅದನ್ನು ಬತ್ತಿಸಬೇಕು.

ಹೀಗೆ ಹೊರಲು ಒಪ್ಪಿದವರು ಯಾರು? ಬೆಂಗಳೂರಿನ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ. 2015ರಲ್ಲಿ ಬಂದ ಅವರ 'ಡಿಸ್ಕೌಂಟೆಡ್ ಲೈಫ್' ಪುಸ್ತಕದ ಹೆಂಗಸರಲ್ಲಿ ಹೆಚ್ಚಿನವರು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳವರು. ದಿನವಿಡೀ ಒಂದೇ ಹೊಲಿಗೆ, ಸೂಪರ್‌ವೈಸರ್ ಬೈಗುಳ, ತಿಂಗಳ ಕೊನೆಗೆ ಸಾಲದಾಚೆ ಏನೂ ಉಳಿಯದ ಸಂಬಳ. ಅದರ ಮುಂದೆ ಮಗು ಹೆತ್ತುಕೊಡುವ ಕೆಲಸ ಅರ್ಥವುಳ್ಳದ್ದು ಎಂದು ಅವರಲ್ಲಿ ಅನೇಕರು ಹೇಳಿದರು. ಆಣಂದ್‌ನಲ್ಲಿ ಇಂಥದೇ ಅಧ್ಯಯನ ನಡೆಸಿದ ಅಮೃತಾ ಪಾಂಡೆ, ಇದನ್ನು ದುಡಿಮೆ ಎಂದೇ ನೋಡಬೇಕು, ದುಡಿಮೆಗಾರರಿಗೆ ಇರುವ ಹಕ್ಕುಗಳ ಪ್ರಶ್ನೆ ಎತ್ತಬೇಕು ಎಂದು ವಾದಿಸಿದರು. ಬಡತನ ಕತ್ತು ಹಿಡಿದಾಗ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಗರ್ಭ ಮಾರಾಟಕ್ಕಿಡುವ ವಸ್ತುವಲ್ಲ ಎಂಬುದು ಎದುರು ಪಕ್ಷ. ಸ್ತ್ರೀವಾದಿಗಳೂ ಇಲ್ಲಿ ಒಂದಾಗಿಲ್ಲ. ನನಗೆ ಮೊದಲ ವಾದದಲ್ಲಿ ಹೆಚ್ಚು ನ್ಯಾಯ ಕಾಣುತ್ತದೆ. ಅದೇ ಬಡತನದಲ್ಲಿ ಹೊಲಿಗೆ ಮಿಷಿನ್ ಮುಂದೆ ಕೂತವಳ ಒಪ್ಪಿಗೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ದುಡ್ಡಿಗಾಗಿ ಹೊರುವವಳನ್ನು ಹೈದರಾಬಾದಿನ ತೆಲುಗು ಸಿನಿಮಾ ಕಾನೂನಿಗಿಂತ ಬಹಳ ಮೊದಲೇ ಕಂಡಿತ್ತು. 2001ರ ಕ್ರಾಂತಿಕುಮಾರ್ ನಿರ್ದೇಶನದ '9 ನೆಲಲು' ಚಿತ್ರದಲ್ಲಿ ಗಂಡನ ಚಿಕಿತ್ಸೆಯ ದುಡ್ಡಿಗಾಗಿ ಬೇರೆಯವರ ಮಗುವನ್ನು ಹೊರುವ ಹೆಂಡತಿಯಾಗಿ ನಟಿಸಿದವರು ನಮ್ಮ ಮುಳಬಾಗಿಲಿನ ಸೌಂದರ್ಯ.

ದೊಡ್ಡ ತಿರುವು ಬಂದದ್ದು 2008ರಲ್ಲಿ. ಜಪಾನಿನ ದಂಪತಿಗಾಗಿ ಆಣಂದ್‌ನ ಹೆಂಗಸೊಬ್ಬಳು ಬಸಿರಾಗಿದ್ದಳು. ವೀರ್ಯಾಣು ಗಂಡನದು, ಅಂಡಾಣು ಅನಾಮಿಕ ದಾನಿಯದು. ಹೆರಿಗೆಗೆ ತಿಂಗಳಿದೆ ಎನ್ನುವಾಗ ಗಂಡ ಹೆಂಡತಿ ವಿಚ್ಛೇದನ ಪಡೆದರು, ಹೆಂಡತಿ ಮಗು ಬೇಡವೆಂದಳು. ಜುಲೈ 25ರಂದು, ಲೂಯಿಸ್ ಬ್ರೌನ್ ಹುಟ್ಟಿ ಸರಿಯಾಗಿ ಮೂವತ್ತು ವರ್ಷಕ್ಕೆ, ಮಂಜಿ ಹುಟ್ಟಿದಳು. ಮರುದಿನವೇ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ. ಶಿಶುವನ್ನು ಜೈಪುರದ ಆಸ್ಪತ್ರೆಗೆ ಸಾಗಿಸಿದರು. ಬಯಸಿದ ತಾಯಿ, ಅಂಡಾಣು ಕೊಟ್ಟ ತಾಯಿ, ಹೆತ್ತ ತಾಯಿ, ಮೂವರಿದ್ದೂ ಕಾನೂನಿನ ಕಣ್ಣಿಗೆ ಒಬ್ಬ ತಾಯಿಯೂ ಇರಲಿಲ್ಲ. ತಂದೆ ದತ್ತು ಪಡೆಯೋಣವೆಂದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡಲು ಇಲ್ಲಿನ ಕಾನೂನು ಅಡ್ಡ. ಅವನ ವೀಸಾ ಮುಗಿಯಿತು. ಜಪಾನಿನಿಂದ ಬಂದ ಅಜ್ಜಿ ಕೂಸನ್ನು ನೋಡಿಕೊಂಡಳು. ಇದು ಮಕ್ಕಳ ಸಾಗಣೆ ಎಂದು ಒಂದು ಸಂಸ್ಥೆ ರಾಜಸ್ಥಾನ ಹೈಕೋರ್ಟಿಗೆ ಹೋಯಿತು, ಅಜ್ಜಿ ಸುಪ್ರೀಂ ಕೋರ್ಟಿಗೆ ಬಂದಳು. ದೂರೇನಾದರೂ ಇದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಿ ಎಂದು ಸೆಪ್ಟೆಂಬರ್ 29ರಂದು ಕೋರ್ಟ್ ಹೇಳಿದ ಮೇಲೆ, ಪಾಸ್‌ಪೋರ್ಟಿನ ಬದಲು ಒಂದು ಗುರುತಿನ ಪತ್ರ ಹಿಡಿದು ಮಗು ಜಪಾನಿಗೆ ಹೋಯಿತು.

ಅದೇ ವರ್ಷದ ಜನವರಿಯಲ್ಲಿ ಆಣಂದ್‌ನಲ್ಲೇ ಹುಟ್ಟಿದ ಜರ್ಮನ್ ಅವಳಿಗಳ ಗೋಳು ಇನ್ನೂ ದೀರ್ಘ. ಬಾಡಿಗೆ ತಾಯ್ತನವನ್ನು ಜರ್ಮನಿ ಒಪ್ಪುವುದಿಲ್ಲ, ಹಾಗಾಗಿ ಅದು ಪೌರತ್ವ ಕೊಡಲಿಲ್ಲ. ಹೆತ್ತವಳು ಭಾರತೀಯಳು, ಆದ್ದರಿಂದ ಮಕ್ಕಳೂ ಭಾರತೀಯರೇ ಎಂದು 2009ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. ಹೆತ್ತವಳನ್ನು ತಾಯಿ ಎಂದು ಕೋರ್ಟೊಂದು ಕರೆದ ಅಪರೂಪದ ಗಳಿಗೆ ಅದು, ಅದೂ ಮಕ್ಕಳಿಗೆ ಪಾಸ್‌ಪೋರ್ಟ್ ಬೇಕಾಗಿತ್ತೆಂದು. ಕೊನೆಗೆ ದತ್ತು ಪ್ರಕ್ರಿಯೆಯ ಮೂಲಕ 2010ರಲ್ಲಿ ಅವಳಿಗಳು ದೇಶ ಬಿಟ್ಟವು.

ಈ ಎರಡು ಪ್ರಕರಣಗಳಿಂದ ದೆಹಲಿ ಎಚ್ಚೆತ್ತಿತು. ಇದು 25,000 ಕೋಟಿ ರೂಪಾಯಿಯ ಉದ್ಯಮ ಎನ್ನುತ್ತ, ಹಣದ ವ್ಯವಹಾರ ನಿಲ್ಲಿಸಿ ನಿಸ್ವಾರ್ಥದ್ದನ್ನು ಉಳಿಸಬೇಕೆಂದು ಕಾನೂನು ಆಯೋಗ 2009ರ ಆಗಸ್ಟಿನಲ್ಲಿ ತನ್ನ 228ನೇ ವರದಿ ಕೊಟ್ಟಿತು. ಮಸೂದೆಗಳು ಬಂದವು, ಕರಡಾಗಿಯೇ ಉಳಿದವು. 2012ರಲ್ಲಿ ಗೃಹ ಸಚಿವಾಲಯ, ಬಾಡಿಗೆ ತಾಯ್ತನಕ್ಕೆ ಬರುವ ವಿದೇಶಿಯರಲ್ಲಿ ಮದುವೆಯಾಗಿ ಎರಡು ವರ್ಷವಾದ ಗಂಡು ಹೆಣ್ಣಿನ ಜೋಡಿಗೆ ಮಾತ್ರ ವೀಸಾ ಎಂದಿತು. ಒಂಟಿಯವರು, ಸಲಿಂಗಿ ಜೋಡಿಗಳು ಹೊರಗುಳಿದರು. ಆದರೆ ಏಜೆಂಟರಿಗೆ ಗಡಿ ದಾಟುವುದು ಕಷ್ಟವಾಗಲಿಲ್ಲ. ಅವರು ಭಾರತದ ಹೆಂಗಸರನ್ನು ನೇಪಾಳಕ್ಕೆ ಒಯ್ದು ಅಲ್ಲಿ ಹೆರಿಗೆ ಮಾಡಿಸಿದರು. 2015ರ ಏಪ್ರಿಲ್ 25ರಂದು ಕಠ್ಮಂಡು ನಡುಗಿದಾಗ ಇಸ್ರೇಲ್ ತನ್ನ ಪ್ರಜೆಗಳ ನವಜಾತ ಶಿಶುಗಳನ್ನು ವಿಮಾನದಲ್ಲಿ ಕರೆದೊಯ್ದಿತು. ಆ ಶಿಶುಗಳ ಚಿತ್ರ ಜಗತ್ತೆಲ್ಲ ನೋಡಿತು. ಹೆತ್ತ ಹೆಂಗಸರು ಅಲ್ಲೇ ಉಳಿದರು. ಅದೇ ವರ್ಷ ನವೆಂಬರ್ 4ರಂದು ವಿದೇಶಿಯರಿಗೆ ಭಾರತದ ಬಾಗಿಲು ಪೂರ್ತಿ ಮುಚ್ಚಿತು.

ಹೈದರಾಬಾದಿನ ಬಾಗಿಲು ಮುಚ್ಚಿರಲಿಲ್ಲ. 2017ರ ಜೂನ್‌ನಲ್ಲಿ ಆರೋಗ್ಯಾಧಿಕಾರಿಗಳು ಬಂಜಾರಾ ಹಿಲ್ಸ್‌ನ ಒಂದು ಆಸ್ಪತ್ರೆಗೆ ಹೋದಾಗ ಅಲ್ಲಿ ನಲವತ್ತಕ್ಕೂ ಹೆಚ್ಚು ಬಾಡಿಗೆ ತಾಯಂದಿರಿದ್ದರು. ಮನೆ, ಗಂಡ, ತಮ್ಮ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಒಂದೆಡೆ ಉಳಿಯುವುದು ಒಪ್ಪಂದದ ಭಾಗ. ಪತ್ರಿಕೆಗಳು ಇದನ್ನು ಜಾಲ ಎಂದವು, ಆದರೆ ಹಣಕ್ಕೆ ಹೊರುವುದನ್ನು ಅಪರಾಧವೆನ್ನುವ ಕಾನೂನು ಆಗಿನ್ನೂ ಇರಲಿಲ್ಲ. ಆ ದಿನ ಅಲ್ಲಿದ್ದ ಹೆಂಗಸರಿಗೆ ಮುಂದೇನಾಯಿತು, ಮಾತಾಡಿದ ದುಡ್ಡು ಸಿಕ್ಕಿತೇ ಎಂದು ಕೇಳಿದವರು ಕಡಿಮೆ.

ಅಷ್ಟರಲ್ಲಿ ಸಂಸತ್ತಿನ ಮುಂದೆ 2016ರ ಮಸೂದೆ ಬಂದಿತ್ತು. ಹತ್ತಿರದ ಸಂಬಂಧಿ ಮಾತ್ರ ಹೊರಬೇಕು, ಒಂದು ಕಾಸೂ ಪಡೆಯಬಾರದು ಎಂಬುದು ಅದರ ತಿರುಳು. ಅದನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿ 2017ರ ಆಗಸ್ಟಿನಲ್ಲಿ ಕೊಟ್ಟ 102ನೇ ವರದಿ, ಈ ಇಡೀ ಇತಿಹಾಸದಲ್ಲಿ ಹೊರುವವಳ ಪರ ನಿಂತ ದಾಖಲೆ ಎಂದು ನಾನು ತಿಳಿದಿದ್ದೇನೆ. ವೈದ್ಯರು, ವಕೀಲರು, ಆಸ್ಪತ್ರೆ ಎಲ್ಲರೂ ಹಣ ಪಡೆಯುವಾಗ ಅವಳೊಬ್ಬಳು ಮಾತ್ರ ತ್ಯಾಗ ಮಾಡಬೇಕೆನ್ನುವುದು ನ್ಯಾಯವಲ್ಲ, ನೆಂಟಳೇ ಹೊರಬೇಕೆಂದರೆ ಕುಟುಂಬದ ಒತ್ತಡಕ್ಕೆ ಸಿಕ್ಕವಳು ಬಲಿಯಾಗುತ್ತಾಳೆ ಎಂದು ಅದು ಗುರುತಿಸಿತು. ಕಳೆದುಕೊಂಡ ಸಂಬಳಕ್ಕೆ, ಪಟ್ಟ ಶ್ರಮಕ್ಕೆ ಸರಿಯಾದ ಪರಿಹಾರ ಕೊಡಿ ಎಂದಿತು. ನಮ್ಮ ಮನೆಗಳಲ್ಲಿ ಮಾತು ಮೀರಲಾಗದ ಕಿರಿಯ ಸೊಸೆಯ ಸ್ಥಿತಿ ಕಂಡವರಿಗೆ ಈ ಮಾತು ವಿವರಿಸಬೇಕಿಲ್ಲ. ಸರ್ಕಾರ ಒಪ್ಪಲಿಲ್ಲ. ಮಸೂದೆ ಲೋಕಸಭೆ ದಾಟಿ ಬಿದ್ದುಹೋಗಿ, 2019ರಲ್ಲಿ ಮತ್ತೆ ಬಂದು, ರಾಜ್ಯಸಭೆಯ ಆಯ್ಕೆ ಸಮಿತಿಯಲ್ಲಿ ಒಂದಿಷ್ಟು ತಿದ್ದಿಸಿಕೊಂಡು, 2021ರ ಡಿಸೆಂಬರಿನಲ್ಲಿ ಅಂಗೀಕಾರ ಪಡೆಯಿತು. 2022ರ ಜನವರಿ 25ರಿಂದ ಅದು ನೆಲದ ಕಾನೂನು.

ಈಗಿನ ದಾರಿ ಹೀಗಿದೆ. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ವಿಧವೆ, ವಿಚ್ಛೇದಿತೆಯಾದರೆ 35ರಿಂದ 45. ಗರ್ಭಕೋಶ ಇಲ್ಲದಿರುವುದು, ತೆಗೆದಿರುವುದು, ಬಸಿರೇ ಪ್ರಾಣಕ್ಕೆ ಅಪಾಯವಾಗಿರುವುದು, ಇಂಥ ಕಾರಣವಿದೆಯೆಂದು ಜಿಲ್ಲಾ ವೈದ್ಯಕೀಯ ಮಂಡಳಿ ಹೇಳಬೇಕು. ಹುಟ್ಟುವ ಮಗು ಯಾರದೆಂದು ಮ್ಯಾಜಿಸ್ಟ್ರೇಟ್ ಮೊದಲೇ ಆದೇಶಿಸಬೇಕು. ಹೊರುವವಳು 25ರಿಂದ 35ರ ಒಳಗಿನ, ಮದುವೆಯಾಗಿ ಸ್ವಂತ ಮಗುವಿರುವ ಹೆಂಗಸು. ಜೀವಮಾನದಲ್ಲಿ ಒಂದೇ ಸಲ. 'ಹತ್ತಿರದ ಸಂಬಂಧಿ' ಎಂಬ ಷರತ್ತು ಹೋಗಿ 'ಇಚ್ಛೆಯುಳ್ಳ ಮಹಿಳೆ' ಬಂದಿದೆ. ಅವಳಿಗೆ ಸಿಗುವುದು ಆಸ್ಪತ್ರೆ ಖರ್ಚು ಮತ್ತು 36 ತಿಂಗಳ ವಿಮೆ. ಅದರಾಚೆ ದುಡ್ಡಿನ ಮಾತಾಡಿದರೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ.

ಕಾನೂನು ಬಂದ ಮರುವರ್ಷವೇ ಅದರ ಗೋಡೆಗೆ ಹಣೆ ಚಚ್ಚಿಕೊಂಡವರು ಕರ್ನಾಟಕದವರು. 2022ರ ಡಿಸೆಂಬರಿನಲ್ಲಿ ಅಪಘಾತದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ದಂಪತಿ. ಹೆಂಡತಿಗೆ ಗರ್ಭಕೋಶವಿರಲಿಲ್ಲ, ಗಂಡನಿಗೆ 57 ವರ್ಷ. ನಾದಿನಿ ಅಂಡಾಣು ಕೊಡಲು, ಕುಟುಂಬದ ಗೆಳತಿಯೊಬ್ಬಳು ಹೊರಲು ಮುಂದೆ ಬಂದಿದ್ದರು. ಅಡ್ಡ ನಿಂತದ್ದು ಎರಡು ವರ್ಷದ ವಯಸ್ಸು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2023ರ ಏಪ್ರಿಲ್‌ನಲ್ಲಿ, ವಯಸ್ಸೊಂದೇ ನೋಡದೆ ಮೂರು ಪರೀಕ್ಷೆ ಮಾಡಿ ಎಂದರು: ಮಗುವಿಗೆ ಆನುವಂಶಿಕ ದೋಷ ಬರುವುದಿಲ್ಲವೇ, ಈ ವಯಸ್ಸಲ್ಲಿ ಇವರು ಮಗು ಸಾಕಬಲ್ಲರೇ, ಕೈಯಲ್ಲಿ ಅನುಕೂಲವಿದೆಯೇ. ಕಾನೂನಿನ ಅಕ್ಷರದ ಬದಲು ಎದುರಿಗಿದ್ದ ದುಃಖವನ್ನು ನೋಡಿದ ತೀರ್ಪು ಅದು. ಇತ್ತ ಕೇಂದ್ರ 2023ರ ಮಾರ್ಚಿನಲ್ಲಿ ದಾನಿಯ ಅಂಡಾಣು ವೀರ್ಯಾಣು ಎರಡನ್ನೂ ನಿಷೇಧಿಸಿತು. ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದ ಹೆಣ್ಣೊಬ್ಬಳು ಸುಪ್ರೀಂ ಕೋರ್ಟಿನಲ್ಲಿ ಗೆದ್ದ ತಡೆಯ ಬೆನ್ನಿಗೆ, 2024ರ ಫೆಬ್ರುವರಿಯಲ್ಲಿ ನಿಯಮ ತಿದ್ದಿ, ಇಬ್ಬರಲ್ಲಿ ಒಬ್ಬರದಾದರೂ ಸ್ವಂತದ್ದಿದ್ದರೆ ಸಾಕು ಎಂದಿತು.

ದುಡ್ಡಿನ ನಿಷೇಧ ನೆಲದ ಮೇಲೆ ಏನು ಮಾಡಿತು ಎಂಬುದನ್ನು ಹೈದರಾಬಾದೇ ತೋರಿಸಿತು. 2024ರ ನವೆಂಬರಿನಲ್ಲಿ, ಮೆಹದಿಪಟ್ಟಣಂನಿಂದ ದೂರವಲ್ಲದ ರಾಯದುರ್ಗಂನ ಬಹುಮಹಡಿ ಕಟ್ಟಡದಿಂದ ಬಿದ್ದು ಒಡಿಶಾದ ಯುವತಿಯೊಬ್ಬಳು ಸತ್ತಳು. 10 ಲಕ್ಷ ರೂಪಾಯಿಗೆ ಮಗು ಹೆತ್ತುಕೊಡಲು ಅವಳನ್ನು ಕರೆತಂದಿದ್ದರು, ಮನೆಯ ಗಂಡಸಿನ ಕಿರುಕುಳ ತಾಳದೆ ತಪ್ಪಿಸಿಕೊಳ್ಳಲು ಹೋಗಿ ಬಿದ್ದಳು ಎಂದು ಪೊಲೀಸರು ಹೇಳಿದರು. ಒಪ್ಪಂದವೇ ಅಪರಾಧವಾದ ಮೇಲೆ ಹೊರುವವಳು ದೂರು ಕೊಡಲು ಯಾವ ಠಾಣೆಗೆ ಹೋಗಬೇಕು? ಹಿಂದೆ ಕಾಗದದ ಮೇಲಾದರೂ ಇದ್ದ ಅವಳ ಲೆಕ್ಕ ಈಗ ಬಾಯಿಮಾತಿನದಾಗಿದೆ.

2025ರ ಜುಲೈಯಲ್ಲಿ ಸಿಕಂದರಾಬಾದಿನ ಸೃಷ್ಟಿ ಫರ್ಟಿಲಿಟಿ ಸೆಂಟರ್ ಪ್ರಕರಣ ಹೊರಬಿತ್ತು. ಬಾಡಿಗೆ ತಾಯಿಯಿಂದ ನಿಮ್ಮದೇ ಮಗು ಎಂದು ನಂಬಿಸಿ ದಂಪತಿಯಿಂದ ಸುಮಾರು 35 ಲಕ್ಷ ರೂಪಾಯಿ ಪಡೆದು ವಿಶಾಖಪಟ್ಟಣದಲ್ಲಿ ಶಿಶುವನ್ನು ಒಪ್ಪಿಸಿದ್ದರು ಎಂಬುದು ಪೊಲೀಸರ ಆರೋಪ. ಸಂಶಯ ಬಂದು ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಮಗುವಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಅಸ್ಸಾಂ ಮೂಲದ ಬಡ ದಂಪತಿಗೆ 90,000 ರೂಪಾಯಿ ಕೊಟ್ಟು ತಂದ ಕೂಸದು ಎಂದರು ಪೊಲೀಸರು. ಸೆಂಟರಿನ ವೈದ್ಯೆಯ ಜೊತೆಗೆ ಆ ಅಪ್ಪ ಅಮ್ಮನನ್ನೂ ಬಂಧಿಸಿದರು. ಬಾಡಿಗೆ ತಾಯ್ತನದ ಹೆಸರಲ್ಲಿ ನಡೆದದ್ದರಲ್ಲಿ ಬಾಡಿಗೆ ತಾಯಿಯೇ ಇರಲಿಲ್ಲ. ಹಾಲುಗೂಸಿನ ಬೆಲೆ 90,000, ಆಸೆಯ ಬೆಲೆ 35 ಲಕ್ಷ. ನಡುವಿನ ಹಣವನ್ನು ಹುಟ್ಟಿಸಿದ್ದು, ಮಗುವಿಲ್ಲದವರನ್ನು ಮದುವೆ ಮುಂಜಿಗಳಲ್ಲಿ ಮೂಲೆಗೆ ಕೂರಿಸುವ ನಮ್ಮದೇ ಸಮಾಜ.

2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರ ಪೀಠ, 2022ರ ಜನವರಿ 25ಕ್ಕೆ ಮೊದಲೇ ಭ್ರೂಣ ಶೇಖರಿಸಿಟ್ಟ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ಸಹಜವಾಗಿ ಮಗು ಪಡೆಯುವವರ ವಯಸ್ಸನ್ನು ಯಾವ ಸರ್ಕಾರವೂ ಕೇಳುವುದಿಲ್ಲವಲ್ಲ ಎಂಬ ಸರಳ ತರ್ಕ ಅದರ ಹಿಂದಿತ್ತು. ಜಪಾನಿನ ಅಜ್ಜಿ, ಜರ್ಮನ್ ತಂದೆ, ಮಗನನ್ನು ಕಳೆದುಕೊಂಡ ಕನ್ನಡದ ದಂಪತಿ, ಗರ್ಭಕೋಶವಿಲ್ಲದ ಹೆಣ್ಣು, ಎಲ್ಲರೂ ಕೋರ್ಟಿನ ಮೆಟ್ಟಿಲು ಹತ್ತಿದರು, ಹತ್ತಿದ್ದರಿಂದಲೇ ನಿಯಮ ಸಡಿಲಿತು. ಇವುಗಳಲ್ಲಿ ಒಂದೂ ಹೆತ್ತವಳು ಸಲ್ಲಿಸಿದ ಅರ್ಜಿಯಲ್ಲ. ಅವಳ ಪರವಾಗಿ 2017ರಲ್ಲಿ ಬರೆದಿಟ್ಟ ಸಮಿತಿಯ ವರದಿ ಸಂಸತ್ತಿನ ದಾಖಲೆಗಳಲ್ಲಿ ಹಾಗೆಯೇ ಇದೆ, ಕಾಯ್ದೆಯನ್ನು ಮುಂದಿನ ಸಲ ತಿದ್ದಲು ಕೂರುವವರು ಮೊದಲು ತೆರೆಯಬೇಕಾದದ್ದು ಅದನ್ನು.